ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ

ಧಾರವಾಡದಲ್ಲಿ ನಿಮ್ಮ ಕಾಕಾ ಹೊರತರುತ್ತಿದ್ದ ಫುಟ್‌ಬಾಲ್ ಪತ್ರಿಕೆಯ ಹಳೆ ಸಂಚಿಕೆಗಳು ಹಳದಿಯಾಗಿ ಮುರೀತಿವೆ, ಲ್ಯಾಮಿನೇಷನ್ ಮಾಡಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಒಮ್ಮೆ ಬಿಸಿ ಪ್ಲಾಸ್ಟಿಕ್ ಅಂಟಿದರೆ ಮತ್ತೆ ಬಿಡಿಸೋಕಾಗಲ್ಲ.

ಅವರು ತೀರಿಕೊಂಡ ಸುದ್ದಿ ಓದಿ ತುಂಬಾ ಸಂಕಟವಾಯಿತು. ನಾನು ಹುಬ್ಬಳ್ಳಿಯವನು. ಅವರ 1986ರ ವಿಶ್ವಕಪ್ ಸಂಚಿಕೆ ಇನ್ನೂ ನನ್ನ ಟ್ರಂಕಿನಲ್ಲಿದೆ. ಇಂಗ್ಲೆಂಡ್ ವಿರುದ್ಧ ಮರಡೋನಾ ಹೊಡೆದ ಎರಡನೇ ಗೋಲನ್ನು ಬಾಣದ ಗುರುತು ಹಾಕಿ, ಕೈಯಿಂದಲೇ ಚಿತ್ರ ಬರೆದು ವಿವರಿಸಿದ್ದರು. ಆ ಬಾಣಗಳ ಮೇಲೆ ನಮ್ಮಣ್ಣ ಪೆನ್ಸಿಲ್ ಆಡಿಸಿ ಆಡಿಸಿ ಕಾಗದವೇ ಸವೆದಿದೆ. ನಮಗೆ ಆಟ ಕಲಿಸಿದ್ದೇ ಆ ಪುಟ.

ನ್ಯೂಸ್‌ಪ್ರಿಂಟ್ ಮರದ ತಿರುಳಿನದು, ಬೆಳಕು ಬಿದ್ದಷ್ಟೂ ಹಳದಿಯಾಗುತ್ತದೆ. ಮೊದಲು ತುಕ್ಕು ಹಿಡಿದ ಪಿನ್ನು ಮೆಲ್ಲಗೆ ತೆಗೆದು ಹತ್ತಿ ದಾರದಿಂದ ಹೊಲಿಯಿರಿ. ಸೆಲ್ಲೋಟೇಪ್ ಬೇಡವೇ ಬೇಡ. ಡಬ್ಬದಲ್ಲಿ ಅಡ್ಡವಾಗಿ ಮಲಗಿಸಿಡಿ. ಧಾರವಾಡದ ಮಳೆ ಗೊತ್ತಲ್ವಾ, ಗೋಡೆಗೆ ತಾಗಿಸಬೇಡಿ. ಆಮೇಲೆ 300 ಡಿಪಿಐನಲ್ಲಿ (ಅಂದರೆ ಇಂಚಿಗೆ 300 ಚುಕ್ಕಿ) ಸ್ಕ್ಯಾನ್ ಮಾಡಿಸಿ.

ಎಲ್ಲರಿಗೂ ಹಂಚುವ ಮುಂಚೆ ಕಾಕಾನ ಮನೆಯವರ ಒಪ್ಪಿಗೆ ಕೇಳಿ. ಬರೆದವರು ತೀರಿಕೊಂಡ ಮೇಲೂ 60 ವರ್ಷ ಬರಹದ ಮೇಲಿನ ಹಕ್ಕು (ಕಾಪಿರೈಟ್) ಇರುತ್ತದೆ. ಬೇರೆಯವರ ಲೇಖನಕ್ಕೆ ಅವರನ್ನೇ ಕೇಳಬೇಕು.

ಸ್ಕ್ಯಾನ್ ಮಾಡಿಸುವ ದಿನ ತಿಳಿಸಿ. ನನ್ನ ಪ್ರತಿ ಹಿಡಿದು ಬರುತ್ತೇನೆ.