ತೋಟ ಮಗನಿಗೆ ಬಿಟ್ಟೆ, ಮನಸ್ಸು ಬಿಡುತ್ತಿಲ್ಲ

ಪ್ರಶ್ನೆ: ನನಗೆ 63 ವರ್ಷ. ಸೋಮವಾರಪೇಟೆ ತಾಲ್ಲೂಕಿನ ನಮ್ಮ ಕಾಫಿ ತೋಟದ ಹೊಣೆಯನ್ನು ಕಳೆದ ವರ್ಷ ಮಗನಿಗೆ ವಹಿಸಿದೆ. ಎರಡು ವರ್ಷಗಳಿಂದ ಯೋಗಾಸನ ಮಾಡುತ್ತಿದ್ದೇನೆ. ಆದರೂ ಮರಗಸಿಯಲ್ಲಿ (ನೆರಳು ಮರಗಳ ಕೊಂಬೆ ಸವರುವ ಕೆಲಸದಲ್ಲಿ) ಅವನು ಒಂದು ಕೊಂಬೆ ಹೆಚ್ಚು ಕಡಿಸಿದರೆ, ರೊಬಸ್ಟಾ ಕಾಫಿ ಗಿಡಗಳಿಗೆ ನೀರು ಹಾಯಿಸುವುದು ತಡವಾದರೆ ರಾತ್ರಿ ನಿದ್ದೆ ಬರುವುದಿಲ್ಲ. ಮಾತಿಗೆ ಮಾತು ಬೆಳೆಯುತ್ತದೆ. ಈ ಮೋಹವನ್ನು ಯೋಗದಿಂದ ಬಿಡಬಹುದೇ? ತೋಟದ ಕಡೆಗೆ ಹೋಗುವುದನ್ನೇ ನಿಲ್ಲಿಸಬೇಕೇ?

ಉತ್ತರ: ನಿಲ್ಲಿಸಬೇಕಿಲ್ಲ. ಆಯುಷ್ಯದ ಬಹುಪಾಲು ಬೆವರು ಸುರಿಸಿದ ನೆಲದ ಮೇಲಿನ ಪ್ರೀತಿಯನ್ನು ನಾನು ದೋಷವೆಂದು ಎಣಿಸಲಾರೆ. ಯೋಗಸೂತ್ರವನ್ನು ರಚಿಸಿದ ಪತಂಜಲಿ, ಮನಸ್ಸನ್ನು ಬಾಧಿಸುವ ಐದು ಕ್ಲೇಶಗಳಲ್ಲಿ ಒಂದಾಗಿ ಹೇಳುವ ರಾಗಕ್ಕೆ, ಅಂದರೆ ನೀವು ಹೇಳುವ ಮೋಹಕ್ಕೆ, ಕೊಟ್ಟ ಲಕ್ಷಣ ‘ಸುಖಾನುಶಯೀ’, ಅಂದರೆ ಹಿಂದೆ ಉಂಡ ಸುಖದ ಬೆನ್ನು ಹತ್ತಿ ಬರುವಂಥದ್ದು. ತೋಟದಲ್ಲಿ ನಿಮ್ಮ ಮಾತೇ ಕೊನೆಯ ಮಾತಾಗಿದ್ದ ಕಾಲದ ಸುಖವೂ ನಿಮ್ಮ ಕಳವಳದಲ್ಲಿ ಸೇರಿದೆಯೇ ಎಂದು ಪ್ರಾಮಾಣಿಕವಾಗಿ ನೋಡಿಕೊಳ್ಳಿ. ಸೇರಿದೆ ಎಂದೇ ನನಗೆ ತೋರುತ್ತದೆ.

ಕ್ಲೇಶಗಳಿಗೆ ಪತಂಜಲಿ ಹೇಳುವ ನಾಲ್ಕು ಸ್ಥಿತಿಗಳಲ್ಲಿ ಮೊದಲನೆಯದು ‘ಪ್ರಸುಪ್ತ’, ಮಲಗಿರುವುದು. ಬೆಳೆಗಾರರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಗಿಣ್ಣಿನಲ್ಲಿ ವಾರಗಟ್ಟಲೆ ಮಲಗಿದ್ದ ಮೊಗ್ಗು ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದ ಎಂಟು-ಹತ್ತು ದಿನಗಳಲ್ಲಿ ಅರಳಿ ತೋಟವನ್ನೆಲ್ಲ ಬೆಳ್ಳಗಾಗಿಸುವ ಹಾಗೆ, ಆಸನ ಮಾಡುವಾಗ ಇಲ್ಲವೇ ಇಲ್ಲವೆನಿಸಿದ ರಾಗವು ಮರಗಸಿಯ ಕತ್ತಿಯ ಸದ್ದು ಕೇಳಿದೊಡನೆ ಎದ್ದು ಕೂರುತ್ತದೆ. ಅದರ ವೃತ್ತಿಗಳನ್ನು, ಅಂದರೆ ಅದು ಮನಸ್ಸಿನಲ್ಲಿ ಎಬ್ಬಿಸುವ ಅಲೆಗಳನ್ನು, ಧ್ಯಾನದಿಂದ ಕಳೆಯಬೇಕೆಂದು ಯೋಗಸೂತ್ರವು ಹೇಳುತ್ತದೆ. ಆಸನ ಅದಕ್ಕೆ ದೇಹವನ್ನು ಸಿದ್ಧಗೊಳಿಸುತ್ತದೆ, ಅಷ್ಟೇ.

ಆದ್ದರಿಂದ ಆಸನಗಳು ಮುಗಿದ ಮೇಲೆ ಹದಿನೈದು ನಿಮಿಷ ಬೆನ್ನು ನೇರವಾಗಿಟ್ಟು ಕುಳಿತುಕೊಳ್ಳಿ. ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ತೆಗೆದುಕೊಂಡು, ಆರು ಎಣಿಸುವಷ್ಟು ಹೊತ್ತು ಬಿಡಿ. ಉಸಿರನ್ನು ತಡೆದು ಹಿಡಿಯಬೇಡಿ. ತೋಟದ ಚಿಂತೆ ಖಂಡಿತ ಬರುತ್ತದೆ. ಆಗ ದವಡೆ, ಎದೆ, ಹೊಟ್ಟೆಗಳಲ್ಲಿ ಎಲ್ಲಿ ಬಿಗಿಯಾಯಿತೆಂದು ಗಮನಿಸಿ, ಮುಂದಿನ ನಿಃಶ್ವಾಸದೊಡನೆ ಆ ಜಾಗವನ್ನು ಸಡಿಲಿಸಿ. ಚಿಂತೆಯ ಮೇಲೆ ಸಿಟ್ಟಾಗಿ ಅದನ್ನು ಹೊರದೂಡಲು ಹೋದರೆ ರಾಗದ ಜಾಗಕ್ಕೆ ದ್ವೇಷ ಬರುತ್ತದೆ, ಅದೂ ಐದರಲ್ಲಿ ಒಂದು ಕ್ಲೇಶವೇ.

ನೀರು ತಡವಾದರೆ ಫಸಲಿಗೆ ಪೆಟ್ಟು ಬೀಳುವುದು ನಿಜವಾದ್ದರಿಂದ ಮಗನಿಗೆ ಅದನ್ನು ಒಮ್ಮೆ ಹೇಳುವುದು ನಿಮ್ಮ ಕರ್ತವ್ಯ. ಎರಡನೆಯ ಸಲ ಹೇಳಲು ಬಾಯಿ ತೆರೆಯುವ ಮೊದಲು ಮೂರು ದೀರ್ಘ ಉಸಿರು ಬಿಟ್ಟು, ನಿಮ್ಮ ಹಿರಿಯರ ಕೈಯಿಂದ ತೋಟ ನಿಮ್ಮ ಕೈಗೆ ಬಂದಾಗ ಅವರ ಯಾವ ಪದ್ಧತಿಯನ್ನು ನೀವು ಬದಲಿಸಿದಿರಿ ಎಂಬುದನ್ನು ನೆನಪಿಗೆ ತಂದುಕೊಳ್ಳಿ. ಬಾಧಿಸುವ ಯೋಚನೆಗೆ ಎದುರಾದ ಭಾವನೆಯನ್ನು ತುಂಬಿಕೊಳ್ಳುವ ಈ ಕ್ರಮಕ್ಕೆ ‘ಪ್ರತಿಪಕ್ಷ ಭಾವನೆ’ ಎಂದು ಹೆಸರು.

ಅಭ್ಯಾಸವು ದೀರ್ಘಕಾಲ, ಎಡೆಬಿಡದೆ, ಆದರದಿಂದ ನಡೆದರೆ ಮಾತ್ರ ಬೇರೂರುತ್ತದೆ. ಈ ಹೂಮಳೆಯಿಂದ ಮುಂದಿನ ಹೂಮಳೆಯವರೆಗೆ ನಡೆಸಿ ನೋಡಿ. ನಿದ್ದೆಯಿಲ್ಲದ ರಾತ್ರಿಗಳು ಎರಡು-ಮೂರು ವಾರ ಮುಂದುವರಿದರೆ ಮಾತ್ರ ಅಷ್ಟು ಕಾಲ ಕಾಯದೆ ಮನೋವೈದ್ಯರನ್ನು ಕಾಣಿ. ಅಭ್ಯಾಸವನ್ನು ಚಿಕಿತ್ಸೆಯ ಜೊತೆಗೇ ನಡೆಸಬಹುದು.