ಸರದಲ್ಲಿರುವುದು ಸವರನ್ನೋ, ರೋಮಿನ ನಾಣ್ಯವೋ?

ಪ್ರಶ್ನೆ: ಹಳೇ ಸರದಿಂದ ಬಿಡಿಸಿದ ಚಿನ್ನದ ನಾಣ್ಯವೊಂದು ಮನೆಯಲ್ಲಿದೆ. ಒಂದು ಬದಿ ಎಲೆಮಾಲೆ ಮುಡಿದ, ಕತ್ತು ದಪ್ಪಗಿರುವ ಗಂಡಸಿನ ತಲೆ. ಇನ್ನೊಂದು ಬದಿ ಪೀಠದ ಮೇಲೆ ಕುಳಿತ ದೇವರು. ಬ್ರಿಟಿಷರ ಕಾಲದ ಸವರನ್ ನಾಣ್ಯ ಅಲ್ಲ ಎನ್ನುತ್ತಾರೆ ಆಚಾರಿ. ರೋಮಿನದೇ? – ಓದುಗರು, ಕುಂಬಳೆ

ಉತ್ತರ: ಇರಬಹುದು. ನಿಮಗೆ ದೂರವಲ್ಲದ ತಲಶ್ಶೇರಿ ಬಳಿಯ ಕೋಟ್ಟಯಂನಲ್ಲಿ 1847ರಲ್ಲಿ ರೋಮಿನ ನೂರಾರು ಚಿನ್ನದ ನಾಣ್ಯಗಳು ಸಿಕ್ಕಿದ್ದವು. ಮೊದಲು ಅಂಚು ನೋಡಿ. ಸವರನ್‌ಗೆ ಸಣ್ಣ ಗೀರುಗಳ ಅಂಚು, 22 ಮಿ.ಮೀ. ಅಗಲ, 7.99 ಗ್ರಾಂ ತೂಕ. ರೋಮಿನ 'ಔರಿಯಸ್' ಸುಮಾರು 19 ಮಿ.ಮೀ., ದಪ್ಪ ಹೆಚ್ಚು, ಅಂಚು ನುಣುಪು, ಪೂರ್ತಿ ದುಂಡಗಿರುವುದಿಲ್ಲ. ಚಕ್ರವರ್ತಿ ಆಗಸ್ಟಸ್ ಕಾಲದ್ದು ಸುಮಾರು 7.8 ಗ್ರಾಂ, ನಂತರದ ಚಕ್ರವರ್ತಿ ನೀರೋ ಕ್ರಿ.ಶ. 64ರಲ್ಲಿ ತೂಕ ಇಳಿಸಿದ ಮೇಲೆ 7.3.

ಕುಳಿತ ದೇವರ ಕೈ ನೋಡಿ. ಒಂದರಲ್ಲಿ ಸಿಡಿಲು, ಇನ್ನೊಂದರಲ್ಲಿ ದಂಡವಿದ್ದರೆ ರೋಮನ್ನರ ದೇವರಾಜ ಜ್ಯೂಪಿಟರ್. ಪಕ್ಕದಲ್ಲಿ 'ಕಾವಲಿನ ಜ್ಯೂಪಿಟರ್' ಎಂಬರ್ಥದ ಲ್ಯಾಟಿನ್ ಅಕ್ಷರಗಳಿದ್ದರೆ ಅದು ನೀರೋನದು. ಕ್ರಿ.ಶ. 65ರ ಕೊಲೆಸಂಚಿನಿಂದ ಅವನು ಪಾರಾದ ಮೇಲೆ ಅಚ್ಚಾಗಿದ್ದೆಂದು ಹಲವು ವಿದ್ವಾಂಸರ ಅಭಿಪ್ರಾಯ. ಲೈರ್ ವಾದ್ಯ ಹಿಡಿದವ ಅಪೊಲೊ, ಗದೆ ಮತ್ತು ಸಿಂಹದ ಚರ್ಮ ಹರ್ಕ್ಯುಲಿಸ್‌ನದು, ರೆಕ್ಕೆಯವಳು ವಿಜಯದೇವತೆ ವಿಕ್ಟೋರಿಯಾ.

ಚಿನ್ನದ ಶುದ್ಧತೆಗೆ 0.01 ಗ್ರಾಂ ತೋರಿಸುವ ತಕ್ಕಡಿ ಸಾಕು. ಮೊದಲು ಒಣ ನಾಣ್ಯ ತೂಗಿ. ನೀರಿನ ಲೋಟವನ್ನು ತಕ್ಕಡಿಯಲ್ಲಿಟ್ಟು ಸೊನ್ನೆ ಮಾಡಿ, ತೆಳು ದಾರದಲ್ಲಿ ನಾಣ್ಯವನ್ನು ತಳ ತಾಗದಂತೆ ಮುಳುಗಿಸಿ. ಆಗ ಬರುವ ಅಂಕೆಯಿಂದ ಒಣ ತೂಕವನ್ನು ಭಾಗಿಸಿ: 7.30 ÷ 0.38 ಅಂದರೆ 19.2, ಬಹುತೇಕ ಅಪ್ಪಟ ಚಿನ್ನ. 22 ಕ್ಯಾರೆಟ್‌ನ ಸವರನ್‌ಗೆ 17.7ರ ಆಸುಪಾಸು ಬರುತ್ತದೆ. ಗಾಳಿಗುಳ್ಳೆ ಅಂಟಿದ್ದರೆ ಲೆಕ್ಕ ತಪ್ಪುತ್ತದೆ, 0.01 ವ್ಯತ್ಯಾಸಕ್ಕೇ ಉತ್ತರ ಅರ್ಧ ಅಂಕ ಸರಿಯುವುದರಿಂದ ಮೂರು ಸಲ ತೂಗಿ. ಬೆಸೆದ ಕೊಂಡಿಯಿದ್ದರೆ ಈ ಪರೀಕ್ಷೆ ನಿಲ್ಲದು, ಅದನ್ನು ಕೀಳಲೂಬೇಡಿ. ಅಪ್ಪಟ ಚಿನ್ನದಲ್ಲೇ ಎರಕ ಹೊಯ್ದ ನಕಲಿ ಈ ಪರೀಕ್ಷೆ ದಾಟಿಬಿಡುತ್ತದೆ. ಹಾಗಾಗಿ ಭೂತಗನ್ನಡಿಯಲ್ಲಿ ಅಂಚಿನ ಜೋಡಣೆ ಗೆರೆ, ಮೈಮೇಲಿನ ಸಣ್ಣ ಗುಳಿಗಳನ್ನು ಹುಡುಕಿ.

ಮುಖದ ಮೇಲೆ ಉಳಿಯ ಗೀರಿದ್ದರೆ ಹೆದರಬೇಡಿ, ತಿಕ್ಕಿ ಸರಿಮಾಡಲೂ ಹೋಗಬೇಡಿ. 1898ರಲ್ಲಿ ಪುದುಕ್ಕೋಟ್ಟೈಯಲ್ಲಿ ಸಿಕ್ಕ 501 ನಾಣ್ಯಗಳಲ್ಲಿ ಹೆಚ್ಚಿನವು ಹೀಗೇ ಗೀರಿದವು. ಪಾಲಿಶ್ ಮಾಡಿಸಿದರೆ ಮೆತ್ತಗಿನ ಚಿನ್ನದ ಕಣ್ಣು-ಮೂಗು ಅಳಿಸಿಹೋಗುತ್ತದೆ.

ಪ್ರಶ್ನೆ: ಬಾವಿ ತೋಡುವಾಗ ಇಂಥವು ಸಿಕ್ಕಿದರೆ? – ಓದುಗರು, ತಾಳವಾಡಿ

ಉತ್ತರ: ಹಂಚಿಕೊಳ್ಳಬೇಡಿ, ತೊಳೆಯಬೇಡಿ. ಮಡಕೆಯ ಚೂರನ್ನೂ ಬಿಡದೆ ಎತ್ತಿಡಿ, ಸಿಕ್ಕ ಆಳ ಬರೆದಿಡಿ. 1878ರ ನಿಧಿ ಕಾಯ್ದೆ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರರಿಗೆ ಲಿಖಿತವಾಗಿ ತಿಳಿಸಲೇಬೇಕು. ಮುಚ್ಚಿಟ್ಟರೆ ನಿಮ್ಮ ಪಾಲೂ ಹೋಗುತ್ತದೆ.