ಹಳೆ ಫೋನ್ ಕೊಳ್ಳುವಾಗ ಹೊಳಪು ನೋಡಬೇಡಿ, ಆಯಸ್ಸು ಕೇಳಿ

ಹೋದ ಸಂಚಿಕೆಯಲ್ಲಿ ಹೊಸ ಫೋನುಗಳ ಬಗ್ಗೆ ಬರೆದಿದ್ದೇ ತಡ, "ಹೊಸದು ನಮ್ಮ ಕೈಗೆ ಎಟುಕಲ್ಲ, ಸೆಕೆಂಡ್ ಹ್ಯಾಂಡ್ ಬಗ್ಗೆ ಏನಾದ್ರೂ ಹೇಳಿ" ಅಂತ ಪತ್ರಗಳು ಬರೋಕೆ ಶುರುವಾದವು. ಸರಿ, ಹೇಳೋಣ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಆರು ಮಾಡಿಕೊಂಡಿದ್ದೇನೆ.

ಪ್ರಶ್ನೆ: ನನ್ನ ಹತ್ತಿರ ಇರುವ ದುಡ್ಡಿಗೆ ಕಡಿಮೆ ಬೆಲೆಯ ಹೊಸ ಫೋನ್ ಬರುತ್ತದೆ. ಇಲ್ಲವೇ ಎರಡು ಮೂರು ವರ್ಷದ ಹಿಂದೆ ತುಂಬಾ ದುಬಾರಿಯಾಗಿದ್ದ ಫೋನ್ ಸೆಕೆಂಡ್ ಹ್ಯಾಂಡಲ್ಲಿ ಬರುತ್ತದೆ. ಗೆಳೆಯರು ಹಳೆಯದನ್ನೇ ತಗೋ ಅಂತಾರೆ, ಅಪ್ಪ ಸುತರಾಂ ಬೇಡ ಅಂತಾರೆ. ಯಾರ ಮಾತು ಕೇಳಲಿ ಸರ್?

ಉತ್ತರ: ಇಬ್ಬರ ಮಾತಲ್ಲೂ ಹುರುಳಿದೆ. ದುಬಾರಿ ಫೋನಿನ ಕ್ಯಾಮೆರಾ, ಸ್ಕ್ರೀನು, ವೇಗ ಎರಡು ಮೂರು ವರ್ಷಕ್ಕೆಲ್ಲ ಮುಪ್ಪಾಗಲ್ಲ. ಅಗ್ಗದ ಫೋನಿನಲ್ಲಿ ಕಂಪನಿಯವರು ದುಡ್ಡು ಉಳಿಸೋದು ಕಣ್ಣಿಗೆ ಕಾಣದ ಕಡೆಯಲ್ಲಿ. ಸ್ಟೋರೇಜ್ ಚಿಪ್ಪನ್ನೇ ತಗೊಳ್ಳಿ. ಯುಎಫ್‌ಎಸ್ ಅನ್ನೋದು ವೇಗದ್ದು, ಇಎಂಎಂಸಿ ಅನ್ನೋದು ನಿಧಾನದ್ದು. ಎರಡರ ಡಬ್ಬದ ಮೇಲೂ 128 ಜಿಬಿ ಅಂತಲೇ ಇರುತ್ತದೆ, ಆದರೆ ವರ್ಷ ಕಳೆದು ಫೋಟೋ, ಆ್ಯಪ್ ಎಲ್ಲ ತುಂಬಿಕೊಂಡ ಮೇಲೆ ಎರಡನೆಯದು ಪ್ರತಿ ಸಲ ಮುಟ್ಟಿದಾಗಲೂ ಒಂದು ಕ್ಷಣ ಯೋಚನೆ ಮಾಡಿ ಆಮೇಲೆ ತೆರೆದುಕೊಳ್ಳುತ್ತದೆ. ಹಾಗಾಗಿ ಗೆಳೆಯರು ಹೇಳೋದು ತಪ್ಪಲ್ಲ.

ಆದರೆ ನಿಮ್ಮ ಅಪ್ಪನ ಅನುಮಾನಕ್ಕೂ ಕಾರಣ ಇದೆ. ಹಳೆ ಫೋನಿಗೆ ಇನ್ನೆಷ್ಟು ದಿನ ಸೆಕ್ಯುರಿಟಿ ಅಪ್‌ಡೇಟ್ (ಸುರಕ್ಷತೆಯ ತೂತುಗಳನ್ನು ಮುಚ್ಚೋಕೆ ಕಂಪನಿ ಕಳಿಸುವ ಸಾಫ್ಟ್‌ವೇರ್ ದುರಸ್ತಿ) ಬರುತ್ತದೆ ಅನ್ನೋದನ್ನ ಮೊದಲು ನೋಡಬೇಕು. ಗೂಗಲ್‌ನ ಪಿಕ್ಸೆಲ್ 6 ಬಂದಿದ್ದು 2021ರ ಅಕ್ಟೋಬರ್‌ನಲ್ಲಿ, ಅದಕ್ಕೆ ಸಿಕ್ಕ ಭರವಸೆ 5 ವರ್ಷ, ಅಂದರೆ 2026ರ ಅಕ್ಟೋಬರ್ ತನಕ. ಎರಡೇ ವರ್ಷ ಕಿರಿಯದಾದ ಪಿಕ್ಸೆಲ್ 8ಕ್ಕೆ 7 ವರ್ಷ, ಅಂದರೆ 2030ರ ಅಕ್ಟೋಬರ್ ತನಕ. ಸ್ಯಾಮ್‌ಸಂಗ್ ಕೂಡ 2024ರಲ್ಲಿ ಗ್ಯಾಲಕ್ಸಿ ಎಸ್24ರಿಂದ ಶುರು ಮಾಡಿ ದುಬಾರಿ ಮಾಡೆಲ್‌ಗಳಿಗೆ 7 ವರ್ಷ ಅಂದಿದೆ. ನೋಡಿ, ಎರಡು ಪಿಕ್ಸೆಲ್‌ಗಳ ನಡುವೆ ಎರಡು ವರ್ಷದ ಅಂತರ, ಆದರೆ ಅಪ್‌ಡೇಟ್ ನಿಲ್ಲುವ ದಿನದಲ್ಲಿ ನಾಲ್ಕು ವರ್ಷದ ಅಂತರ.

ಇಲ್ಲಿ ತುಂಬಾ ಜನ ಎಡವುವ ಒಂದು ಜಾಗ ಇದೆ. ಈ ವರ್ಷಗಳ ಲೆಕ್ಕ ಶುರುವಾಗೋದು ಆ ಮಾಡೆಲ್ ಮಾರುಕಟ್ಟೆಗೆ ಬಂದ ದಿನದಿಂದ, ಮೊದಲ ಮಾಲೀಕರು ಕೊಂಡ ದಿನದಿಂದ ಅಲ್ಲ. "ಬಿಲ್ ನೋಡಿ, ತಗೊಂಡು ಎಂಟೇ ತಿಂಗಳು" ಅಂತ ತೋರಿಸುತ್ತಾರೆ. ಬಿಲ್ ಸುಳ್ಳಲ್ಲ, ಆದರೆ ಅವರು ಕೊಳ್ಳುವಾಗಲೇ ಆ ಮಾಡೆಲ್‌ಗೆ ಮೂರು ವರ್ಷ ಆಗಿದ್ದಿರಬಹುದು. ಹಾಗಾಗಿ ಹೀಗೆ ಮಾಡಿ: ಕೇಳುವ ಬೆಲೆಯನ್ನು ಉಳಿದಿರುವ ಅಪ್‌ಡೇಟ್ ವರ್ಷಗಳಿಂದ ಭಾಗಿಸಿ. ಅರ್ಧ ಬೆಲೆಗೆ ಸಿಗುವ ಫೋನಿಗೆ ಒಂದೇ ವರ್ಷ ಉಳಿದಿದ್ದರೆ, ನಾಲ್ಕು ವರ್ಷ ಬಾಳುವ ಹೊಸದಕ್ಕಿಂತ ಅದು ದುಬಾರಿ. ಅಂಥ ಕಡೆ ಅಪ್ಪನ ಮಾತು ಕೇಳಿ. ಎರಡೂವರೆ ಮೂರು ವರ್ಷವಾದರೂ ಉಳಿದಿದ್ದರೆ ಗೆಳೆಯರ ಮಾತು ಕೇಳಿ.

ಪ್ರಶ್ನೆ: ಮೂರು ವರ್ಷ ಹಳೆಯ ಐಫೋನ್ ಒಂದು ನೋಡಿದೆ. ಬ್ಯಾಟರಿ ಹೆಲ್ತ್ ನೂರಕ್ಕೆ ನೂರು ತೋರಿಸುತ್ತಿದೆ. ತುಂಬಾ ಜೋಪಾನವಾಗಿ ಇಟ್ಟುಕೊಂಡಿದ್ದೆ ಅಂತಾರೆ ಮಾಲೀಕರು. ನಂಬಲಾ?

ಉತ್ತರ: ಬ್ಯಾಟರಿ ಹೆಲ್ತ್ ಅಂದರೆ ಹೊಸದಿದ್ದಾಗಿನ ಶಕ್ತಿಯಲ್ಲಿ ಈಗ ಉಳಿದಿರುವ ಪಾಲು. ದಿನಾ ಬಳಸಿದ ಫೋನಿನಲ್ಲಿ ಎಷ್ಟು ಜೋಪಾನ ಮಾಡಿದರೂ ಅದು ನೂರು ಉಳಿಯೋದು ಕಷ್ಟ. ಮೂರು ವರ್ಷದ ಮೇಲೆ ಆ ಅಂಕಿ ಇದ್ದರೆ ಹೆಚ್ಚಾಗಿ ಬ್ಯಾಟರಿ ಬದಲಾಯಿಸಿರುತ್ತಾರೆ. ಬದಲಾಯಿಸಿದ್ದು ತಪ್ಪಲ್ಲ, ಎಲ್ಲಿ ಬದಲಾಯಿಸಿದರು, ಯಾವ ಬ್ಯಾಟರಿ ಹಾಕಿದರು ಅನ್ನೋದು ಪ್ರಶ್ನೆ. ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರೊಳಗೆ ಅಬೌಟ್ ತೆರೆಯಿರಿ. ಐಒಎಸ್ (ಐಫೋನಿನ ಮೂಲ ಸಾಫ್ಟ್‌ವೇರ್) 15.2 ಬಂದಾಗಿನಿಂದ, ಬಿಡಿಭಾಗ ಬದಲಾಗಿದ್ದರೆ ಅದು ಕಂಪನಿಯ ಅಸಲಿ ಭಾಗವೋ ಅಲ್ಲವೋ ಅಂತ ಅಲ್ಲೇ ತೋರಿಸುತ್ತದೆ.

ಅಂಕಿಯ ಅರ್ಥವೂ ತಿಳಿದಿರಲಿ. ಐಫೋನ್ 14 ಮತ್ತು ಅದಕ್ಕೂ ಹಿಂದಿನವುಗಳ ಬ್ಯಾಟರಿ 500 ಚಾರ್ಜ್ ಸೈಕಲ್ ಆದ ಮೇಲೂ 80 ಶೇಕಡಾ ಉಳಿಯುವಂತೆ ಮಾಡಿದ್ದು, ಐಫೋನ್ 15ರಿಂದ ಅದು 1000 ಸೈಕಲ್. ಸೈಕಲ್ ಅಂದರೆ ಚಾರ್ಜರ್‌ಗೆ ಸಿಗಿಸಿದ ಲೆಕ್ಕ ಅಲ್ಲ. ಇವತ್ತು ಅರ್ಧ ಖರ್ಚು ಮಾಡಿ, ನಾಳೆ ಇನ್ನರ್ಧ ಖರ್ಚು ಮಾಡಿದರೆ ಎರಡೂ ಸೇರಿ ಒಂದು ಸೈಕಲ್. ಐಫೋನ್ 15 ಮತ್ತು ನಂತರದವುಗಳಲ್ಲಿ ಎಷ್ಟು ಸೈಕಲ್ ಆಗಿದೆ ಅಂತ ಸೆಟ್ಟಿಂಗ್ಸ್‌ನಲ್ಲೇ ಕಾಣುತ್ತದೆ.

ಇದನ್ನು ತೋರಿಸದ ಆಂಡ್ರಾಯ್ಡ್ ಫೋನುಗಳೂ ಇವೆ. ಅಲ್ಲಿ ನೀವೇ ಪರೀಕ್ಷೆ ಮಾಡಬೇಕು. ಬೆಳಕು ಪೂರ್ತಿ ಏರಿಸಿ, ಒಂದು ವಿಡಿಯೋ ಹಾಕಿ, ಮಾಲೀಕರ ಜೊತೆ ಇಪ್ಪತ್ತು ನಿಮಿಷ ಮಾತಾಡುತ್ತಾ ಕೂತಿರಿ. ಐದಾರು ಶೇಕಡಾ ಇಳಿದರೆ ಪರವಾಗಿಲ್ಲ. ಹದಿನೈದು ಇಳಿದರೆ, ಇಲ್ಲವೇ 62ರಲ್ಲಿದ್ದದ್ದು ಧುಮುಕಿ 54 ಆದರೆ ಬ್ಯಾಟರಿ ಸೋತಿದೆ. ಸೋತ ಬ್ಯಾಟರಿಗೆ ಹೆದರಬೇಕಿಲ್ಲ, ಹೊಸ ಬ್ಯಾಟರಿ ಹಾಕಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ ಅಷ್ಟೇ. ಉಬ್ಬಿದ ಬ್ಯಾಟರಿ ಬೇರೆ ಮಾತು. ಸ್ಕ್ರೀನಿನ ಅಂಚು ಎದ್ದಂತಿದ್ದರೆ, ಹಿಂಭಾಗ ಹೊಟ್ಟೆ ಬಂದಂತಿದ್ದರೆ, ಎಷ್ಟು ಕಡಿಮೆಗೆ ಕೊಟ್ಟರೂ ಮುಟ್ಟಬೇಡಿ. ಅದು ಬೆಂಕಿ ಹತ್ತಿಕೊಳ್ಳಬಹುದು.

ಒಡೆದ ಸ್ಕ್ರೀನಿನ ಫೋನ್ ಅಗ್ಗಕ್ಕೆ ಸಿಕ್ಕಿತು ಅಂತ ಹಿಗ್ಗುವವರಿಗೂ ಒಂದು ಮಾತು. ದುಬಾರಿ ಫೋನಿನ ಒಎಲ್‌ಇಡಿ (ಪ್ರತಿ ಚುಕ್ಕೆಯೂ ತಾನೇ ಬೆಳಗುವ) ಸ್ಕ್ರೀನ್ ಬದಲಾಯಿಸೋಕೆ ಎಷ್ಟಾಗುತ್ತದೆ ಅಂತ ಮೊದಲು ವಿಚಾರಿಸಿ. ಎಷ್ಟೋ ಸಲ ಮೂಗಿಗಿಂತ ಮೂಗುತಿಯೇ ಭಾರ.

ಪ್ರಶ್ನೆ: ಮಾರುವವರನ್ನು ಭೇಟಿ ಮಾಡಿದಾಗ ಏನೇನು ನೋಡಬೇಕು? ನನಗೆ ಟೆಕ್ನಿಕಲ್ ಏನೂ ಗೊತ್ತಾಗಲ್ಲ.

ಉತ್ತರ: ಗೊತ್ತಾಗೋದೇನೂ ಬೇಕಿಲ್ಲ, ಕಣ್ಣು, ಕಿವಿ, ಬೆರಳು ಸಾಕು. ಹಗಲು ಹೊತ್ತು ಹೋಗಿ. ನಿಮ್ಮ ಸಿಮ್, ಒಂದು ಚಾರ್ಜಿಂಗ್ ಕೇಬಲ್ ಜೊತೆಗಿರಲಿ.

ಮೊದಲು *#06# ಡಯಲ್ ಮಾಡಿ. 15 ಅಂಕಿಗಳ ಐಎಂಇಐ, ಅಂದರೆ ಫೋನಿನ ಗುರುತಿನ ನಂಬರ್ ಬರುತ್ತದೆ. ಅದು ಬಿಲ್ ಮತ್ತು ಡಬ್ಬದ ಮೇಲಿನ ನಂಬರಿಗೆ ತಾಳೆ ಆಗಬೇಕು. ಆಗದಿದ್ದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಎರಡು ಸಿಮ್ ಫೋನಿಗೆ ಎರಡು ನಂಬರ್ ಇರುತ್ತದೆ, ಅದಕ್ಕೆ ಗಾಬರಿಯಾಗಬೇಡಿ.

ಆಮೇಲೆ ಸ್ಕ್ರೀನು. ಪೂರ್ತಿ ಬಿಳಿಯ ಚಿತ್ರ ಒಂದು, ಬೂದು ಬಣ್ಣದ್ದು ಒಂದು ತೆರೆದು, ಬೆಳಕು ಏರಿಸಿ ನೋಡಿ. ಒಎಲ್‌ಇಡಿಯಲ್ಲಿ ವರ್ಷಗಟ್ಟಲೆ ಒಂದೇ ಕಡೆ ಉರಿದ ಗುರುತುಗಳು ಹಾಗೇ ಅಚ್ಚೊತ್ತಿ ಉಳಿಯುತ್ತವೆ. ಕೆಳಗೆ ಕೀಬೋರ್ಡಿನ ನೆರಳು, ಮೇಲೆ ಗಡಿಯಾರದ ನೆರಳು ಬೂದು ಬಣ್ಣದ ಮೇಲೆ ಎದ್ದು ಕಾಣುತ್ತದೆ. ಟಚ್ ಪರೀಕ್ಷೆಗೆ ನನ್ನದೊಂದು ಉಪಾಯ ಇದೆ: ಯಾವುದಾದರೂ ಆ್ಯಪ್ ಐಕಾನನ್ನು ಒತ್ತಿ ಹಿಡಿದು, ಬೆರಳು ಎತ್ತದೆ, ಗದ್ದೆ ಉಳುವ ಹಾಗೆ ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಎಳೆಯುತ್ತಾ ಹೋಗಿ. ಬೆರಳು ಇದ್ದರೂ ಐಕಾನ್ ಎಲ್ಲಿ ಕೈಬಿಟ್ಟು ಹೋಗುತ್ತದೋ ಅಲ್ಲಿ ಟಚ್ ಸತ್ತಿದೆ.

ನಿಮ್ಮ ಸಿಮ್ ಹಾಕಿ ಒಂದು ಕರೆ ಮಾಡಿ. ಕಿವಿಗೆ ಇಟ್ಟಾಗ ಸ್ಕ್ರೀನ್ ಆರಬೇಕು, ತೆಗೆದಾಗ ಹತ್ತಬೇಕು. ಸಿಮ್ ಹೇಗೂ ಹಾಕುತ್ತೀರಲ್ಲ, ಆ ಟ್ರೇ ತೆಗೆದಾಗ ಒಳಗೆ ಬೆಳಕು ಬಿಟ್ಟು ಇಣುಕಿ. ಎಷ್ಟೋ ಫೋನುಗಳಲ್ಲಿ ಅಲ್ಲೊಂದು ಚಿಕ್ಕ ಬಿಳಿ ಪಟ್ಟಿ ಇರುತ್ತದೆ, ನೀರು ತಾಗಿದ್ದರೆ ಅದು ಕೆಂಪಾಗಿರುತ್ತದೆ. "ವಾಟರ್‌ಪ್ರೂಫ್ ಫೋನ್ ಅಲ್ವಾ" ಅಂದರೆ ಒಪ್ಪಬೇಡಿ, ಒಮ್ಮೆ ಬಿಚ್ಚಿ ರಿಪೇರಿ ಮಾಡಿದ ಫೋನಿನ ಸೀಲ್ ಮೊದಲಿನಂತೆ ಇರುತ್ತದೆ ಅನ್ನೋ ಗ್ಯಾರಂಟಿ ಇಲ್ಲ.

ಕ್ಯಾಮೆರಾದಲ್ಲಿ ಎಲ್ಲ ಲೆನ್ಸ್‌ಗಳಿಂದಲೂ ಬಿಳಿ ಗೋಡೆಯ ಫೋಟೋ ತೆಗೆಯಿರಿ, ಒಳಗೆ ಧೂಳು ಕೂತಿದ್ದರೆ ಕಪ್ಪು ಚುಕ್ಕೆ ಬೀಳುತ್ತದೆ. ಒಂದು ವಿಡಿಯೋ ಮಾಡಿ ಕೇಳಿಸಿಕೊಂಡರೆ ಮೈಕು, ಸ್ಪೀಕರು ಎರಡರ ಕಥೆಯೂ ಗೊತ್ತಾಗುತ್ತದೆ. ಕೇಬಲ್ ಸಿಗಿಸಿ ಮೆಲ್ಲಗೆ ಅಲ್ಲಾಡಿಸಿ, ಚಾರ್ಜಿಂಗ್ ಕಡಿಯಬಾರದು. ಸ್ಯಾಮ್‌ಸಂಗ್ ಆದರೆ *#0*# ಒತ್ತಿ, ಬಹುತೇಕ ಮಾಡೆಲ್‌ಗಳಲ್ಲಿ ಪರೀಕ್ಷೆಯ ಪುಟವೇ ತೆರೆದುಕೊಳ್ಳುತ್ತದೆ. ಮೈಮೇಲಿನ ಗೀರುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಕವರ್ ಹಾಕಿದರೆ ಮುಗೀತು.

ಪ್ರಶ್ನೆ: ಕೊಂಡ ಫೋನನ್ನು ರೀಸೆಟ್ ಮಾಡಿದ ಮೇಲೆ ಹಳೆ ಮಾಲೀಕರ ಇಮೇಲ್, ಪಾಸ್‌ವರ್ಡ್ ಕೇಳುತ್ತಿದೆ. ಅವರು ಈಗ ಕರೆ ತೆಗೆಯುತ್ತಿಲ್ಲ. ಬೇರೆ ದಾರಿ ಇದೆಯಾ?

ಉತ್ತರ: ನಿಮ್ಮ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಯಾಕೆಂದರೆ ನಾನೂ ಹೀಗೇ ಕೈ ಸುಟ್ಟುಕೊಂಡವನು. ಪರಿಚಯದವರ ಪರಿಚಯದವರು ಅಂತ ನಂಬಿ, ಆನ್ ಮಾಡಿ ನೋಡಿ, ದುಡ್ಡು ಕೊಟ್ಟು ಬಂದೆ. ರಾತ್ರಿ ಮನೆಯಲ್ಲಿ ರೀಸೆಟ್ ಮಾಡಿದರೆ ಯಾರದೋ ಖಾತೆ ಕೇಳಿತು. ನನಗೆ ಮಾರಿದವರಿಗೂ ಆ ಖಾತೆ ಯಾರದ್ದು ಅಂತ ಗೊತ್ತಿರಲಿಲ್ಲ! ಆ ಫೋನ್ ಒಂದು ವರ್ಷ ಮೇಜಿನ ಮೇಲೆ ಪೇಪರ್ ಹಾರದಂತೆ ಕಾಯುತ್ತಿತ್ತು.

ಇದು ಕಳ್ಳತನ ತಡೆಯೋಕೆ ಮಾಡಿದ ಬೀಗ. ಐಫೋನ್‌ಗೆ 2013ರಲ್ಲಿ ಐಒಎಸ್ 7ರ ಜೊತೆ ಬಂತು, ಆಂಡ್ರಾಯ್ಡ್‌ಗೆ 2015ರಲ್ಲಿ 5.1ರ ಜೊತೆ. ಹಳೆ ಮಾಲೀಕರೇ ಖಾತೆ ತೆಗೆಯಬೇಕು. ಫೋನ್ ಐಫೋನ್ ಆಗಿದ್ದರೆ ಅವರು ಎಲ್ಲೇ ಇದ್ದರೂ ಐಕ್ಲೌಡ್ ಅನ್ನೋ ಆ್ಯಪಲ್‌ನ ಆನ್‌ಲೈನ್ ಸೇವೆಯ ಮೂಲಕ ತೆಗೆಯಬಹುದು, ಹಾಗಾಗಿ ಕರೆ ತೆಗೆಯದಿದ್ದರೂ ಮೆಸೇಜ್ ಹಾಕಿ ಇನ್ನೊಮ್ಮೆ ಕೇಳಿ ನೋಡಿ. ಬೀಗ ಒಡೆದುಕೊಡ್ತೀವಿ ಅನ್ನುವವರಿಗೆ ಮತ್ತೆ ದುಡ್ಡು ಸುರಿಯಬೇಡಿ. ಬಿಲ್ಲೂ ಇಲ್ಲ, ಮಾಲೀಕರ ಸುಳಿವೂ ಇಲ್ಲ ಅಂದರೆ ಅದು ಕದ್ದ ಫೋನೂ ಆಗಿರಬಹುದು, ಪೊಲೀಸರಿಗೆ ತಿಳಿಸೋದು ನಿಮಗೇ ಒಳ್ಳೆಯದು.

ಇನ್ನು ಕೊಳ್ಳಬೇಕಾದವರಿಗೆ: ದುಡ್ಡು ಕೈ ಬದಲಾಗುವ ಮುಂಚೆ ಮಾಲೀಕರು ನಿಮ್ಮ ಎದುರೇ ಖಾತೆಯಿಂದ ಸೈನ್ ಔಟ್ ಆಗಲಿ, ಐಫೋನಿನಲ್ಲಿ ಫೈಂಡ್ ಮೈ (ಕಳೆದ ಫೋನ್ ಹುಡುಕುವ ಸೌಲಭ್ಯ) ಆಫ್ ಮಾಡಲಿ, ಆಮೇಲೆ ಸೆಟ್ಟಿಂಗ್ಸ್ ಒಳಗಿಂದಲೇ ರೀಸೆಟ್ ಮಾಡಲಿ. ನಂತರ ಇಂಟರ್‌ನೆಟ್ ಕೊಟ್ಟು ನೀವು ನಿಮ್ಮ ಖಾತೆ ಹಾಕಿ ಹೋಮ್ ಸ್ಕ್ರೀನ್ ತನಕ ಬನ್ನಿ. ನಡುವೆ "ಈ ಫೋನ್ ನಿಮ್ಮ ಸಂಸ್ಥೆಗೆ ಸೇರಿದ್ದು" ಅನ್ನುವ ಅರ್ಥದ ಸಾಲು ಕಂಡರೆ ಅದು ಯಾವುದೋ ಆಫೀಸಿನ ಫೋನು. ಕಂತು ಬಾಕಿ ಇರುವ ಫೋನುಗಳಿಗೂ ಸಾಲ ಕೊಟ್ಟವರು ದೂರದಿಂದಲೇ ಬೀಗ ಹಾಕಬಹುದು, ಕೇಳಿ ತಿಳಿದುಕೊಳ್ಳಿ. ಇಷ್ಟಕ್ಕೆ ಹದಿನೈದು ನಿಮಿಷ ಹಿಡಿಯುತ್ತದೆ. ನನ್ನ ಹಾಗೆ ಅವಸರ ಮಾಡಬೇಡಿ.

ಪ್ರಶ್ನೆ: ಫೋನ್ ಚೆನ್ನಾಗಿದೆ, ಆದರೆ ಆನ್ ಆಗುವಾಗ ಬೂಟ್‌ಲೋಡರ್ ಅನ್‌ಲಾಕ್ ಆಗಿದೆ ಅಂತ ಏನೋ ಎಚ್ಚರಿಕೆ ಬರುತ್ತದೆ. ತೊಂದರೆ ಇದೆಯಾ?

ಉತ್ತರ: ಇದೆ. ಬೂಟ್‌ಲೋಡರ್ ಅಂದರೆ ಆನ್ ಮಾಡಿದಾಗ ಮೊದಲು ಓಡಿ ಫೋನಿನ ಮೂಲ ಸಾಫ್ಟ್‌ವೇರನ್ನು ಎಬ್ಬಿಸುವ ಪ್ರೋಗ್ರಾಂ. ಯಾರೋ ಅದರ ಬೀಗ ತೆಗೆದಿದ್ದಾರೆ, ಮೂಲ ಸಾಫ್ಟ್‌ವೇರನ್ನೇ ಬದಲಾಯಿಸಿಯೂ ಇರಬಹುದು. ಬ್ಯಾಂಕ್ ಆ್ಯಪ್‌ಗಳು ಇಂಥ ಫೋನಿನಲ್ಲಿ ತೆರೆಯದೇ ಇರಬಹುದು. ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಒಳಗೆ, ಫೋನ್ ಸರ್ಟಿಫೈಡ್ (ಗೂಗಲ್ ಒಪ್ಪಿದ್ದು) ಹೌದೋ ಅಲ್ಲವೋ ಅಂತ ಬರೆದಿರುತ್ತದೆ. ಅಲ್ಲ ಅಂತಿದ್ದರೆ ಬಿಟ್ಟುಬಿಡಿ. ಅದಕ್ಕೇ ಮೊದಲೇ ಹೇಳೋದು, ಕೊಳ್ಳುವ ಮುಂಚೆ ಒಮ್ಮೆ ಆಫ್ ಮಾಡಿ ಆನ್ ಮಾಡಿ.

ಪ್ರಶ್ನೆ: ಇಷ್ಟೆಲ್ಲ ಪರೀಕ್ಷೆ ಮಾಡಿದರೆ ಮಾರುವವರು ಬೇಜಾರು ಮಾಡ್ಕೊಳಲ್ವಾ? ನನಗೆ ಒಂಥರಾ ಸಂಕೋಚ.

ಉತ್ತರ: ನನ್ನ ಹಳೆ ಫೋನ್ ಕೊಳ್ಳೋಕೆ ಹೋದ ವರ್ಷ ಕಾಲೇಜು ಹುಡುಗಿಯೊಬ್ಬಳು ಬಂದಿದ್ದಳು. "ಅಂಕಲ್, ಸ್ವಲ್ಪ ಹೊತ್ತು ನೋಡ್ಲಾ?" ಅಂತ ಕೇಳಿ, ಚೀಟಿಯಲ್ಲಿ ಬರೆದು ತಂದಿದ್ದನ್ನು ಒಂದೊಂದೇ ಟಿಕ್ ಮಾಡುತ್ತಾ ನಲವತ್ತು ನಿಮಿಷ ಕೂತಳು. ಮೊದಲ ಹತ್ತು ನಿಮಿಷ ನನಗೂ ಸುಮ್ನೆ ಕಿರಿಕಿರಿಯಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಅವಳು ಮೇಲಿನ ಸ್ಪೀಕರ್‌ನಲ್ಲಿ ಗರಗರ ಸದ್ದು ಬರುತ್ತೆ ಅಂದಳು. ಎರಡು ವರ್ಷ ಬಳಸಿದ ನನಗೇ ಅದು ಗೊತ್ತಿರಲಿಲ್ಲ. ಕಿವಿಗೆ ಹಿಡಿದು ಕೇಳಿದೆ, ಹೌದು. ಬೆಲೆ ಇಳಿಸಿದೆ, ಖುಷಿಯಾಗಿ ತಗೊಂಡು ಹೋದಳು. ಹೋಗುವಾಗ ಆ ಚೀಟಿ ಇಲ್ಲೇ ಮರೆತಿದ್ದಳು. ಮೇಲೆ ಬರೆದದ್ದರಲ್ಲಿ ಐಕಾನ್ ಎಳೆಯುವ ಉಪಾಯ ನನ್ನದು ಅಂದೆನಲ್ಲ, ಅದು ಆ ಚೀಟಿಯಲ್ಲಿದ್ದದ್ದು.